ಎಲ್ಲಿಂದ ಅಳೆದ ಎತ್ತರ?

ಕೊಟ್ಟೂರಿನ ರೈಲು ನಿಲ್ದಾಣದಲ್ಲಿ ಗಾಡಿಗೆ ಕಾಯುವವರ ಕಣ್ಣಿಗೆ ಹಳದಿ ಫಲಕ ಬಿದ್ದೇ ಬೀಳುತ್ತದೆ. ಊರಿನ ಹೆಸರನ್ನು ಎಲ್ಲರೂ ಓದುತ್ತಾರೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುವ ಎತ್ತರದ ಅಂಕಿಯನ್ನು ಓದುವವರು ಕಡಿಮೆ. ಸಮುದ್ರ ಮಟ್ಟದಿಂದ ಈ ಜಾಗ ಇಷ್ಟು ಮೀಟರ್ ಮೇಲಿದೆ ಎಂದು ಹೇಳುವ ಅಂಕಿ ಅದು. ಹೊಸಪೇಟೆಯಿಂದ ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ದಾಟಿ ಹರಿಹರದವರೆಗೆ ಹೋಗುವ ಈ ದಾರಿಯ ನಿಲ್ದಾಣಗಳ ಅಂಕಿಗಳನ್ನು ಒಂದರ ಪಕ್ಕ ಒಂದು ಬರೆದುಕೊಂಡರೆ, ನಮ್ಮ ಸೀಮೆಯ ನೆಲ ಹೇಗೆ ಏರಿ ಇಳಿಯುತ್ತದೆ ಎಂಬುದು ಕಾಗದದ ಮೇಲೆ ಮೂಡುತ್ತದೆ.

ಆ ಫಲಕದ ಪಕ್ಕದಲ್ಲೇ ನಿಂತು ಫೋನಿನಲ್ಲಿ ಎತ್ತರ ತೋರಿಸುವ ಆ್ಯಪ್ ತೆರೆಯಿರಿ. ಕೆಲವು ಆ್ಯಪ್‌ಗಳು ಫಲಕದ ಆಸುಪಾಸಿನ ಅಂಕಿಯನ್ನೇ ಕೊಡುತ್ತವೆ. ಇನ್ನು ಕೆಲವು ಸುಮಾರು 80 ಮೀಟರ್ ಕಡಿಮೆ ತೋರಿಸುತ್ತವೆ. ಎಂಬತ್ತು ಮೀಟರ್ ಎಂದರೆ ಇಪ್ಪತ್ತೈದು ಅಂತಸ್ತಿನ ಕಟ್ಟಡದ ಎತ್ತರ. ಫೋನು ಕೆಟ್ಟಿದೆ ಎಂದುಕೊಂಡು ನಾವು ಆ್ಯಪ್ ಮುಚ್ಚುತ್ತೇವೆ. ಫೋನು ಕೆಟ್ಟಿಲ್ಲ, ರೈಲ್ವೆಯವರೂ ತಪ್ಪು ಬರೆದಿಲ್ಲ. ಎರಡೂ ಅಂಕಿ ತಮ್ಮ ತಮ್ಮ ಸೊನ್ನೆಯಿಂದ ಎಣಿಸಿದ ಸರಿಯಾದ ಅಂಕಿಗಳು. ಆದರೆ ಆ ಸೊನ್ನೆ ಎರಡಕ್ಕೂ ಒಂದೇ ಅಲ್ಲ.

ಸಣ್ಣ ವಿಷಯ ಎಂದು ಇದನ್ನು ಬಿಡಲು ನನಗೆ ಮನಸ್ಸಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳ ಬದುಕು ಈಗ ನೀರನ್ನು ಎತ್ತುವ ಲೆಕ್ಕದ ಮೇಲೆ ನಿಂತಿದೆ. ಕೂಡ್ಲಿಗಿಯ 74 ಕೆರೆಗಳನ್ನು ತುಂಗಭದ್ರೆಯ ನೀರಿನಿಂದ ತುಂಬಿಸುವ ಯೋಜನೆ, ಹರಪನಹಳ್ಳಿಯ 60 ಕೆರೆಗಳ ಯೋಜನೆ, ಮಾಲವಿ ಜಲಾಶಯಕ್ಕೆ ನದಿಯಿಂದ ನೀರು ತರುವ ಯೋಜನೆ, ಹಮ್ಮಿಗಿ ಬ್ಯಾರೇಜಿನ ಬಲದಂಡೆಯಿಂದ ಹಡಗಲಿಗೆ ನೀರು ಕೊಡುವ ಸಿಂಗಟಾಲೂರು ಯೋಜನೆ ಎಲ್ಲದರಲ್ಲೂ ಮೊದಲ ಪ್ರಶ್ನೆ ಒಂದೇ: ನೀರು ಎಷ್ಟು ಮೇಲಕ್ಕೆ ಹೋಗಬೇಕು? ಈ ಪ್ರಶ್ನೆಯನ್ನು ಈಗ ಎಂಜಿನಿಯರುಗಳು ಮಾತ್ರ ಕೇಳುತ್ತಿಲ್ಲ. ರೈತ ಸಂಘದ ಹುಡುಗರು, ಕಾಲೇಜಿನ ಭೂಗೋಳ ವಿದ್ಯಾರ್ಥಿಗಳು, ಜಲಾನಯನದ ಕೆಲಸ ಮಾಡುವ ಸಂಸ್ಥೆಗಳವರು ಲ್ಯಾಪ್‌ಟಾಪಿನಲ್ಲಿ ಕ್ಯೂಜಿಐಎಸ್‌ನಂಥ ಉಚಿತ ನಕ್ಷೆ ತಂತ್ರಾಂಶ ತೆರೆದು, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಎತ್ತರದ ದತ್ತಾಂಶ ಇಳಿಸಿಕೊಂಡು ತಾವೇ ನೋಡುತ್ತಿದ್ದಾರೆ. ನೋಡಲೇಬೇಕು. ಆದರೆ ಎರಡು ಕಡೆಯಿಂದ ತಂದ ಎತ್ತರವನ್ನು ಹೋಲಿಸುವ ಮೊದಲು ಅದನ್ನು ಎಲ್ಲಿಂದ ಅಳೆದಿದ್ದಾರೆ ಎಂದು ಕೇಳುವ ಅಭ್ಯಾಸ ಇನ್ನೂ ಬಂದಿಲ್ಲ.

ಗಾರೆ ಕೆಲಸದ ಮೇಸ್ತ್ರಿಗೆ ಈ ಅಭ್ಯಾಸ ಇದೆ. ಮನೆಯ ಪಾಯದ ನಾಲ್ಕು ಮೂಲೆ ಸಮ ಮಾಡಬೇಕಾದಾಗ ಅವನು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ, ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದನ್ನು ಜೊತೆಯವನ ಕೈಗೆ ಕೊಡುತ್ತಾನೆ. ಎರಡೂ ತುದಿಯಲ್ಲಿ ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಗೀಟು ಹಾಕುತ್ತಾನೆ. ಮುಂದಿನ ಎಲ್ಲ ಅಳತೆ ಆ ಗೀಟಿನಿಂದ. ಗೀಟು ಹಾಕದೆ ಅಳೆದ ಅಳತೆಯನ್ನು ಅವನು ನಂಬುವುದಿಲ್ಲ. ಅವನ ಪೈಪನ್ನು ಕಾರವಾರದ ಕಡಲಿನಿಂದ ಕೂಡ್ಲಿಗಿಯವರೆಗೆ ಎಳೆದಿದ್ದೇವೆ ಎಂದುಕೊಳ್ಳಿ. ಕೂಡ್ಲಿಗಿಯಲ್ಲಿ ನೆಲದೊಳಗೆ ಎಷ್ಟೋ ಆಳದಲ್ಲಿ ನೀರು ನಿಲ್ಲುತ್ತದೆ. ಹಾಗೆ ನಿಂತ ನೀರಿನ ಮಟ್ಟವನ್ನು ಇಡೀ ಭೂಮಿಗೆ ಹರಡಿದರೆ ಬರುವ ಮೈಯನ್ನು ಭೂವಿಜ್ಞಾನಿಗಳು ಜಿಯಾಯ್ಡ್ ಎನ್ನುತ್ತಾರೆ. ಇಲ್ಲಿ ಅದನ್ನು ನೀರಿನ ಸೊನ್ನೆ ಎಂದು ಕರೆಯೋಣ. ರೈಲ್ವೆ ಫಲಕದ ಅಂಕಿ, ಅಣೆಕಟ್ಟಿನ ಮಟ್ಟ, ಸರ್ವೆ ಆಫ್ ಇಂಡಿಯಾದ ನಕ್ಷೆಯ ಎತ್ತರ ಎಲ್ಲವೂ ಈ ಬಗೆಯ ಸೊನ್ನೆಯಿಂದ ಹೊರಟದ್ದು.

ಕಾರವಾರದ ಹೆಸರನ್ನು ನಾನು ಉದಾಹರಣೆಗೆಂದು ಸುಮ್ಮನೆ ತಂದಿಲ್ಲ. ಸರ್ವೆ ಇಲಾಖೆ ಈ ದೇಶದ ಎತ್ತರಗಳಿಗೆ ಒಂದು ಸೊನ್ನೆ ಗೊತ್ತು ಮಾಡಲು ಒಂಬತ್ತು ಬಂದರುಗಳ ಭರತ-ಇಳಿತವನ್ನು ವರ್ಷಗಟ್ಟಲೆ ಅಳೆದು ಸರಾಸರಿ ತೆಗೆಯಿತು. ಆ ಒಂಬತ್ತರಲ್ಲಿ ಕಾರವಾರವೂ ಒಂದು. ಬಂದರುಗಳಿಂದ ಒಳನಾಡಿಗೆ ಲೆವೆಲ್ ಯಂತ್ರ ಮತ್ತು ಗೀಟು ಹಾಕಿದ ಕೋಲು ಹೊತ್ತು, ಹೆಜ್ಜೆ ಹೆಜ್ಜೆಗೂ ಓದಿಕೊಂಡು, ಕಲ್ಲುಗಳ ಮೇಲೆ ಮಟ್ಟದ ಗುರುತು ಕೆತ್ತುತ್ತ ಜನ ನಡೆದರು. 1909ರಲ್ಲಿ ಆ ಲೆಕ್ಕವನ್ನೆಲ್ಲ ಒಟ್ಟಿಗೆ ಹೊಂದಿಸಲಾಯಿತು. ಆಗ ನಮ್ಮ ತಾಲ್ಲೂಕುಗಳು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆಮೇಲೆ ನಮ್ಮ ಗಡಿಗಳು ಎಷ್ಟೋ ಸಲ ಬದಲಾದವು. 1953ರಲ್ಲಿ ಮೈಸೂರು ರಾಜ್ಯ ಸೇರಿದೆವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯವಾದವು. ಅಂದು ಹೊಂದಿಸಿದ ಸೊನ್ನೆ ಮಾತ್ರ ನೂರು ವರ್ಷಕ್ಕೂ ಹೆಚ್ಚು ಕಾಲ ನಮ್ಮ ನಕ್ಷೆಗಳನ್ನು ಹೊತ್ತು ನಿಂತಿತು.

ಇನ್ನೊಂದು ಸೊನ್ನೆ ಉಪಗ್ರಹಗಳದ್ದು. ಆಕಾಶದಲ್ಲಿರುವ ಉಪಗ್ರಹಕ್ಕೆ ಕಾರವಾರದ ಕಡಲು ಕೈಗೆ ಸಿಗುವುದಿಲ್ಲ. ಅದಕ್ಕೆ ಗೊತ್ತಿರುವುದು ಭೂಮಿಯ ನಟ್ಟನಡು ಬಿಂದು ಮತ್ತು ಅಲ್ಲಿಂದ ತನಗಿರುವ ದೂರ. ಹಾಗಾಗಿ ಧ್ರುವಗಳ ಕಡೆ ಸ್ವಲ್ಪ ಚಪ್ಪಟೆಯಾದ, ನುಣ್ಣಗಿನ, ಗಣಿತದ ಒಂದು ಗೋಳವನ್ನು ಕಲ್ಪಿಸಿಕೊಂಡು ಅದರ ಮೈಯನ್ನು ಸೊನ್ನೆ ಎಂದು ಇಟ್ಟುಕೊಂಡಿದ್ದಾರೆ. ಜಿಪಿಎಸ್‌ಗೆ ಬಳಸುವ ಆ ಗೋಳದ ಹೆಸರು ಡಬ್ಲ್ಯುಜಿಎಸ್ 84. ಇದನ್ನು ಲೆಕ್ಕದ ಸೊನ್ನೆ ಎನ್ನೋಣ. ಭೂಮಿಯ ಒಳಗಿನ ಭಾರ ಎಲ್ಲ ಕಡೆ ಒಂದೇ ಸಮ ಹರಡಿದ್ದರೆ ನೀರಿನ ಸೊನ್ನೆಯೂ ಲೆಕ್ಕದ ಸೊನ್ನೆಯೂ ಒಂದರ ಮೇಲೊಂದು ಕೂರುತ್ತಿದ್ದವು. ಭಾರ ಹಾಗೆ ಹರಡಿಲ್ಲ. ಜಗತ್ತಿನಲ್ಲೇ ಅತಿ ದೊಡ್ಡ ತಗ್ಗು ಇರುವುದು ನಮ್ಮ ಹಿಂದೂ ಮಹಾಸಾಗರದಲ್ಲಿ, ಶ್ರೀಲಂಕಾದ ತೆಂಕಣಕ್ಕೆ. ಅಲ್ಲಿ ಕಡಲಿನ ಮೈ ಲೆಕ್ಕದ ಗೋಳಕ್ಕಿಂತ ನೂರಕ್ಕೂ ಹೆಚ್ಚು ಮೀಟರ್ ಕೆಳಗಿದೆ. ಯಾಕೆ ಎಂಬುದಕ್ಕೆ 2023ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅತ್ರೇಯಿ ಘೋಷ್ ಮತ್ತು ದೇಬಂಜನ್ ಪಾಲ್ ಒಂದು ವಿವರಣೆ ಕೊಟ್ಟರು. ಆಫ್ರಿಕಾದ ಅಡಿಯಿಂದ ಎದ್ದುಬಂದ ಬಿಸಿಯಾದ, ಹಗುರವಾದ ಶಿಲಾರಾಶಿ ಈ ಭಾಗದ ಭೂಗರ್ಭದಲ್ಲಿ ಹರಡಿಕೊಂಡಿರುವುದರಿಂದ ಇಲ್ಲಿ ಗುರುತ್ವದ ಸೆಳೆತ ಕಡಿಮೆ ಎಂಬುದು ಅವರ ಗಣಕ ಮಾದರಿಗಳು ತೋರಿದ ಕಾರಣ.

ಆ ತಗ್ಗಿನ ಅಂಚು ದಕ್ಷಿಣ ಭಾರತವನ್ನೆಲ್ಲ ಬಳಸಿಕೊಂಡಿದೆ. ವಿಜಯನಗರ ಜಿಲ್ಲೆಯಲ್ಲಿ ನೀರಿನ ಸೊನ್ನೆ ಲೆಕ್ಕದ ಸೊನ್ನೆಗಿಂತ ಸುಮಾರು 80 ಮೀಟರ್ ಕೆಳಗೆ ಬರುತ್ತದೆ. ಬೆಂಗಳೂರಿಗೆ ಹೋದರೆ ಇನ್ನೂ ಕೆಲವು ಮೀಟರ್ ಕೆಳಗೆ. ಸೊನ್ನೆ ಕೆಳಗಿದ್ದರೆ ಅಲ್ಲಿಂದ ಎಣಿಸಿದ ಎತ್ತರ ಜಾಸ್ತಿ, ಸೊನ್ನೆ ಮೇಲಿದ್ದರೆ ಎತ್ತರ ಕಡಿಮೆ. ಕೊಟ್ಟೂರಿನ ಫಲಕ ಮತ್ತು ಫೋನಿನ ನಡುವಿನ ಅಂತರ ಹುಟ್ಟುವುದು ಇಲ್ಲಿ.

ಈಗ ನಕ್ಷೆ ತಂತ್ರಾಂಶಕ್ಕೆ ಬರೋಣ. ಅಲ್ಲಿ ಸಿಗುವ ಎತ್ತರದ ದತ್ತಾಂಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಎಸ್‌ಆರ್‌ಟಿಎಂ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಎಂಬ ಗಗನನೌಕೆ 60 ಮೀಟರ್ ಉದ್ದದ ತೋಳು ಚಾಚಿ, ತೋಳಿನ ಎರಡೂ ತುದಿಯಲ್ಲಿ ರೇಡಾರ್ ಆಂಟೆನಾ ಇಟ್ಟುಕೊಂಡು, 11 ದಿನದ ಯಾತ್ರೆಯಲ್ಲಿ ಭೂಮಿಯ ಬಹುಪಾಲು ನೆಲವನ್ನು ಅಳೆಯಿತು. ಎರಡು ಕಣ್ಣಿನಿಂದ ನೋಡಿದಾಗ ದೂರ ತಿಳಿಯುವ ಹಾಗೆ. ಆ ದತ್ತಾಂಶದಲ್ಲಿ ಸುಮಾರು 30 ಮೀಟರಿನ ಒಂದೊಂದು ಚೌಕಕ್ಕೂ ಒಂದೊಂದು ಎತ್ತರ ಇದೆ. ಅದನ್ನು ಈಗಾಗಲೇ ನೀರಿನ ಸೊನ್ನೆಗೆ ಇಳಿಸಿ ಕೊಟ್ಟಿದ್ದಾರೆ. ನಮ್ಮ ಇಸ್ರೋದ ಕಾರ್ಟೊಸ್ಯಾಟ್-1 ಉಪಗ್ರಹ 2005ರ ಮೇ 5ರಂದು ಶ್ರೀಹರಿಕೋಟಾದಿಂದ ಮೇಲೇರಿತು. ಒಂದು ಕ್ಯಾಮೆರಾ ಮುಂದಕ್ಕೆ, ಇನ್ನೊಂದು ತುಸು ಹಿಂದಕ್ಕೆ ಬಾಗಿ ನೋಡುತ್ತ ಒಂದೇ ಜಾಗದ ಜೋಡಿ ಚಿತ್ರ ತೆಗೆಯುತ್ತಿತ್ತು. ಆ ಜೋಡಿಗಳಿಂದ ಮಾಡಿದ ಕಾರ್ಟೊಡೆಮ್ ಇಸ್ರೋದ ಭುವನ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲೂ ಚೌಕ 30 ಮೀಟರಿನದೇ. ಆದರೆ ಅದರ ಎತ್ತರಗಳು ಲೆಕ್ಕದ ಸೊನ್ನೆಯಿಂದ ಎಣಿಸಿದವು. ಯುರೋಪಿನ ಕೋಪರ್ನಿಕಸ್ ದತ್ತಾಂಶ ಜರ್ಮನಿಯ ಜೋಡಿ ರೇಡಾರ್ ಉಪಗ್ರಹಗಳು 2011ರಿಂದ 2015ರವರೆಗೆ ಅಳೆದದ್ದು, ನೀರಿನ ಸೊನ್ನೆಯ ಇನ್ನೊಂದು ಹೊಸ ಆವೃತ್ತಿಗೆ ಇಳಿಸಿದ್ದು.

ಎರಡು ಸೊನ್ನೆಯ ಅಂಕಿಗಳನ್ನು ಬೆರೆಸಿದರೆ ಏನಾಗುತ್ತದೆ ಎಂದು ಒಂದು ಲೆಕ್ಕ ಮಾಡಿ ನೋಡೋಣ. ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1633 ಅಡಿ. ಮೀಟರಿನಲ್ಲಿ 497.7. ಇದು ನೀರಿನ ಸೊನ್ನೆಯ ಅಂಕಿ. ಕೂಡ್ಲಿಗಿ ಸೀಮೆಯಲ್ಲಿ ನಿಜವಾಗಿ 570 ಮೀಟರ್ ಎತ್ತರದಲ್ಲಿ ಒಂದು ಕೆರೆ ಇದೆ ಎಂದುಕೊಳ್ಳಿ. ನದಿಯಿಂದ ಅದಕ್ಕೆ ನೀರು 72 ಮೀಟರಿಗೂ ಹೆಚ್ಚು ಮೇಲಕ್ಕೆ ಏರಬೇಕು. ಹುಡುಗನೊಬ್ಬ ಭುವನ್‌ನಿಂದ ದತ್ತಾಂಶ ಇಳಿಸಿ ಕೆರೆಯ ಮೇಲೆ ಕ್ಲಿಕ್ ಮಾಡುತ್ತಾನೆ. ತೆರೆಯ ಮೇಲೆ 490 ಎಂದು ಬರುತ್ತದೆ. ಜಲಾಶಯದ ಮಟ್ಟವನ್ನು ಅವನು ಪತ್ರಿಕೆಯಿಂದ ತೆಗೆದುಕೊಂಡಿದ್ದಾನೆ, 497.7. ಅಂದರೆ ಪಂಪು ಬೇಡ, ಕರೆಂಟು ಬೇಡ, ಕಾಲುವೆ ತೋಡಿದರೆ ನೀರು ತಾನಾಗಿ ಹರಿದು ಕೂಡ್ಲಿಗಿಗೆ ಬರುತ್ತದೆ! ಅವನು ಸುಳ್ಳು ಹೇಳುತ್ತಿಲ್ಲ. ಎರಡೂ ಅಂಕಿ ಸರಕಾರಿ ಮೂಲದ್ದೇ. ಆದರೂ ಊರಿನ ಸಭೆಯಲ್ಲಿ ಈ ನಕ್ಷೆ ತೋರಿಸಿದರೆ, ಇಷ್ಟು ವರ್ಷ ಅಧಿಕಾರಿಗಳು ನಮಗೆ ಮೋಸ ಮಾಡಿದರು ಎಂಬ ಮಾತು ಹುಟ್ಟುತ್ತದೆ. ಬಾಯಾರಿದ ಊರಿನಲ್ಲಿ ಅಂಥ ಮಾತು ಹಬ್ಬಲು ಹೊತ್ತು ಬೇಕಿಲ್ಲ. ತಪ್ಪು ನಕ್ಷೆಯಿಂದ ಹುಟ್ಟಿದ ಆಸೆ ಮುರಿದಾಗ ಆ ಹುಡುಗನ ಮೇಲಿನ ನಂಬಿಕೆಯೂ ಮುರಿಯುತ್ತದೆ, ಮುಂದೆ ಅವನು ಸರಿಯಾದ ನಕ್ಷೆ ತಂದರೂ ಯಾರೂ ನೋಡುವುದಿಲ್ಲ. ನನಗೆ ಹೆಚ್ಚು ಸಂಕಟ ತರುವುದು ಇದು.

ಎತ್ತರಕ್ಕೆ ನೇರವಾಗಿ ಹಣದ ಬೆಲೆಯೂ ಇದೆ. ಒಂದು ಟಿಎಂಸಿ ಅಡಿ ನೀರನ್ನು ಒಂದೇ ಒಂದು ಮೀಟರ್ ಮೇಲೆತ್ತಲು, ಪಂಪು ಪೈಪುಗಳಲ್ಲಿ ಸೋರುವ ಶಕ್ತಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಸುಮಾರು 77 ಸಾವಿರ ಯೂನಿಟ್ ವಿದ್ಯುತ್ ಬೇಕು. ಮೇಲಿನ ಉದಾಹರಣೆಯ 72 ಮೀಟರಿಗೆ 55 ಲಕ್ಷ ಯೂನಿಟ್ ಆಯಿತು. ಬರೀ ಐದು ಮೀಟರ್ ಹೆಚ್ಚುಕಮ್ಮಿಯಾದರೂ ಪ್ರತಿ ಟಿಎಂಸಿಗೆ ಸುಮಾರು ನಾಲ್ಕು ಲಕ್ಷ ಯೂನಿಟ್ ಅತ್ತಿತ್ತ. ಯೋಜನೆ ಮಾಡುವ ಎಂಜಿನಿಯರುಗಳು ಉಪಗ್ರಹದ ಅಂಕಿಯ ಮೇಲೆ ನಿಲ್ಲದೆ ಲೆವೆಲ್ ಹಿಡಿದು ನೆಲ ಅಳೆಯುವುದು ಇದಕ್ಕಾಗಿ. ಆದರೆ ಜನ ಪ್ರಶ್ನೆ ಕೇಳುವುದು ಯೋಜನೆಯ ಮೊದಲ ಹಂತದಲ್ಲಿ. ಆಗ ಅವರ ಕೈಯಲ್ಲಿರುವುದು ಉಪಗ್ರಹದ ಅಂಕಿ ಮಾತ್ರ.

ಸೊನ್ನೆಯ ತೊಡಕನ್ನು ಬಿಡಿಸುವುದು ಕಷ್ಟವಲ್ಲ. ದತ್ತಾಂಶದ ಜೊತೆ ಬರುವ ವಿವರಣೆಯಲ್ಲಿ ಯಾವ ಸೊನ್ನೆ ಎಂದು ಬರೆದಿರುತ್ತದೆ. ಎರಡು ಸೊನ್ನೆಗಳ ನಡುವಿನ ಅಂತರದ ಕಡತವೂ ಉಚಿತವಾಗಿ ಸಿಗುತ್ತದೆ, ತಂತ್ರಾಂಶದಲ್ಲಿ ಕೂಡಿ ಕಳೆದರೆ ಆಯಿತು. ಒಂದೇ ಎಚ್ಚರ ಬೇಕು. ಆ ಅಂತರ ಜಿಲ್ಲೆಯ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ, ಊರಿಂದ ಊರಿಗೆ ಮೆಲ್ಲಗೆ ಬದಲಾಗುತ್ತದೆ. ಎಲ್ಲ ಕಡೆ 80 ಎಂದು ಕಣ್ಣುಮುಚ್ಚಿ ಕೂಡಿಸಿದರೆ ಹರಪನಹಳ್ಳಿಯ ಮೂಲೆಯಲ್ಲಿ ಒಂದು ತಪ್ಪು, ಹಗರಿಬೊಮ್ಮನಹಳ್ಳಿಯಲ್ಲಿ ಇನ್ನೊಂದು ತಪ್ಪು ಉಳಿಯುತ್ತದೆ. ಉದ್ದದ ಕಾಲುವೆಗೆ ಕಿಲೋಮೀಟರಿಗೆ ಒಂದೆರಡು ಗೇಣು ಇಳಿಜಾರು ಸಾಕಾಗುವಾಗ ಆ ಉಳಿಕೆಯೂ ಮುಖ್ಯ.

ಇಷ್ಟು ಮಾಡಿ ಎರಡು ದತ್ತಾಂಶಗಳನ್ನು ಒಂದರಿಂದೊಂದು ಕಳೆದು ಬಣ್ಣ ಹಚ್ಚಿದಾಗ ನಕ್ಷೆಯ ಓದು ಶುರುವಾಗುತ್ತದೆ. ವ್ಯತ್ಯಾಸ ಎಷ್ಟು ಎಂಬುದಕ್ಕಿಂತ ಅದು ಯಾವ ಆಕಾರದಲ್ಲಿ ಹರಡಿದೆ ಎಂಬುದನ್ನು ಮೊದಲು ನೋಡಬೇಕು. ಇಡೀ ಜಿಲ್ಲೆಗೆ ಒಂದೇ ಬಣ್ಣ ಬಳಿದಂತಿದ್ದರೆ ಸೊನ್ನೆಯ ಗಂಟು ಇನ್ನೂ ಬಿಚ್ಚಿಲ್ಲ. ಉಚ್ಚಂಗಿದುರ್ಗದ ಬೆಟ್ಟದ ಒಂದು ಮಗ್ಗುಲು ಕೆಂಪಾಗಿ, ಎದುರು ಮಗ್ಗುಲು ನೀಲಿಯಾಗಿ, ಗುಡೇಕೋಟೆಯ ಬಂಡೆಗುಡ್ಡಗಳೂ ಹಾಗೇ ಒಂದೇ ದಿಕ್ಕಿಗೆ ಕೆಂಪು ಇನ್ನೊಂದು ದಿಕ್ಕಿಗೆ ನೀಲಿಯಾಗಿ ಕಂಡರೆ, ಆ ಬೆಟ್ಟಗಳೇನೂ ಬದಲಾಗಿಲ್ಲ. ಒಂದು ನಕ್ಷೆ ಇನ್ನೊಂದರ ಮೇಲೆ ತುಸು ಪಕ್ಕಕ್ಕೆ ಕೂತಿದೆ. ಮೂವತ್ತು ಡಿಗ್ರಿ ಓರೆಯ ಬೆಟ್ಟದಲ್ಲಿ ನಕ್ಷೆ ಒಂದು ಚೌಕದಷ್ಟು ಜರುಗಿದರೆ ಎತ್ತರದಲ್ಲಿ 17 ಮೀಟರ್ ಹುಸಿ ವ್ಯತ್ಯಾಸ ಹುಟ್ಟುತ್ತದೆ. ಬಯಲಿನಲ್ಲಿ ಅದೇ ಜರುಗು ಗೊತ್ತೇ ಆಗುವುದಿಲ್ಲ. ಸರ್ವೆ ಇಲಾಖೆಯ ಹಳೆಯ ನಕ್ಷೆ ಹಾಳೆಗಳನ್ನು ಸ್ಕ್ಯಾನ್ ಮಾಡಿ ಕೂರಿಸುವವರಿಗೆ ಈ ತೊಂದರೆ ಇನ್ನೂ ದೊಡ್ಡದು. ಆ ಹಾಳೆಗಳು ಎವರೆಸ್ಟ್ ಎಂಬ ಬೇರೆಯೇ ಗೋಳದ ಲೆಕ್ಕದ ಮೇಲೆ ಬರೆದವು. ಅದನ್ನು ಹೊಂದಿಸದೆ ಕೂರಿಸಿದರೆ ನಮ್ಮ ಭಾಗದಲ್ಲಿ ಎಲ್ಲವೂ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ.

ಕೆರೆಗಳ ಮೇಲೆ ಮಾತ್ರ ವ್ಯತ್ಯಾಸ ಕಂಡರೆ ಇನ್ನೂ ನಿಧಾನವಾಗಿ ನೋಡಬೇಕು. 2000ದ ದತ್ತಾಂಶಕ್ಕೂ ಹತ್ತು ಹದಿನೈದು ವರ್ಷ ಆಮೇಲಿನದಕ್ಕೂ ಹೋಲಿಸಿದಾಗ ಒಂದು ಕೆರೆಯಂಗಳ ಮೂರು ಮೀಟರ್ ಮೇಲೆದ್ದಿದೆ ಎಂದುಕೊಳ್ಳಿ. ಹೂಳು ತುಂಬಿದೆ, ಇಷ್ಟು ಲೋಡು ಮಣ್ಣು ತೆಗೆಯಬೇಕು ಎಂದು ಅಂದಾಜು ಪಟ್ಟಿ ತಯಾರಿಸುವ ಆತುರ ಆಗುವುದು ಸಹಜ. ಮೊದಲು ಕೆರೆಗೆ ಹೋಗಿ ನಿಲ್ಲಬೇಕು. ಅಲ್ಲಿ ಎತ್ತರದ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಿದ್ದರೆ ಉಪಗ್ರಹ ನೋಡಿದ್ದು ಹೂಳನ್ನಲ್ಲ, ಜಾಲಿಯ ನೆತ್ತಿಯನ್ನು. ಈ ದತ್ತಾಂಶಗಳಲ್ಲಿ ಬಹುಪಾಲು ನೆಲದ ಎತ್ತರ ಹೇಳುವುದಿಲ್ಲ. ಮೇಲಿನಿಂದ ನೋಡಿದಾಗ ಮೊದಲು ತಾಗುವುದರ ಎತ್ತರ ಹೇಳುತ್ತವೆ. ಮರವಿದ್ದರೆ ಮರ, ಮಾಳಿಗೆಯಿದ್ದರೆ ಮಾಳಿಗೆ. ರೇಡಾರ್ ಎಲೆಗಳ ನಡುವೆ ಸ್ವಲ್ಪ ಇಳಿಯುತ್ತದೆ, ನೆಲದವರೆಗೆ ಹೋಗುವುದಿಲ್ಲ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯನ್ನು ನೆನೆದರೆ ಇದು ಚೆನ್ನಾಗಿ ತಿಳಿಯುತ್ತದೆ. 98.76 ಹೆಕ್ಟೇರಿನ ಈ ಪಕ್ಷಿ ಸಂರಕ್ಷಣಾ ಮೀಸಲು 2024ರಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಅಲ್ಲಿ ನೀರಿನೊಳಗೆ ಜಾಲಿ ಮರಗಳು ನಿಂತಿವೆ, ಮರಗಳ ಮೇಲೆ ಕೊಕ್ಕರೆ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಉಪಗ್ರಹಕ್ಕೆ ಅದು ಕೆರೆಯಲ್ಲ, ಉಬ್ಬುತಗ್ಗಿನ ದಿಬ್ಬ. ಹಕ್ಕಿಗಳಿಗೆ ಬೇಕಾದ ನೀರಿನ ಮಟ್ಟ ಎಷ್ಟು, ಯಾವ ಮಟ್ಟ ಮುಟ್ಟಿದರೆ ಎಷ್ಟು ಗೂಡು ಮುಳುಗುತ್ತದೆ ಎಂಬ ಲೆಕ್ಕಕ್ಕೆ ಪುಕ್ಕಟೆ ದತ್ತಾಂಶ ಕೆಲಸಕ್ಕೆ ಬಾರದು. ದೋಣಿಯಲ್ಲಿ ಹೋಗಿ ಕೋಲು ಇಳಿಸಿ ಅಳೆಯಬೇಕು.

ನೀರಿನ ಕೆಳಗಿನದು ಈ ಯಾವ ದತ್ತಾಂಶದಲ್ಲೂ ಸಿಗುವುದಿಲ್ಲ. ಎಸ್‌ಆರ್‌ಟಿಎಂನಲ್ಲಿ ತುಂಗಭದ್ರಾ ಜಲಾಶಯ ತಟ್ಟೆಯಂತೆ ಚಪ್ಪಟೆ. ದತ್ತಾಂಶ ಸಿದ್ಧಪಡಿಸುವಾಗ ದೊಡ್ಡ ಜಲಾಶಯಗಳ ಮೇಲ್ಮೈಯನ್ನು ಬೇಕೆಂದೇ ಸಮ ಮಾಡುತ್ತಾರೆ. ಆ ತಟ್ಟೆಯ ಅಡಿಯಲ್ಲಿ ನಾರಾಯಣದೇವರಕೆರೆ ಎಂಬ ಮುಳುಗಿದ ಊರಿದೆ. ಅಲ್ಲಿಂದ ಎದ್ದು ಬಂದವರು ಮರಿಯಮ್ಮನಹಳ್ಳಿಯಲ್ಲಿ ನೆಲೆ ನಿಂತರು. ಮುಳುಗಿದ ಆ ಊರಿನ ಓಣಿ, ಗುಡಿ, ಬಾವಿಗಳ ಎತ್ತರ ಸಿಗಬೇಕಾದರೆ ಜಲಾಶಯ ತುಂಬುವ ಮೊದಲಿನ, ಅಂದರೆ 1953ಕ್ಕಿಂತ ಹಿಂದಿನ ಅಳತೆಗಳನ್ನೇ ಹುಡುಕಬೇಕು. ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ 133 ಟಿಎಂಸಿ ಅಡಿಯ ಆಸುಪಾಸು ಇತ್ತು. ಹೂಳಿನಿಂದ ಈಗ ಅದು 105.79ಕ್ಕೆ ಇಳಿದಿದೆ. ಈ 27 ಟಿಎಂಸಿಯ ನಷ್ಟ ಲೆಕ್ಕಕ್ಕೆ ಸಿಕ್ಕಿದ್ದು ನೀರಿನ ಆಳವನ್ನೇ ಅಳೆದುದರಿಂದ. ಭೂಪಟದ ತಂತ್ರಾಂಶದಲ್ಲಿ ಎಷ್ಟು ದತ್ತಾಂಶ ಹೋಲಿಸಿದರೂ ಅಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ. ಕಂಡರೂ ಅದು ಆ ಆ ದಿನದ ನೀರಿನ ಏರಿಳಿತ ಮಾತ್ರ.

ಹೋಲಿಕೆ ನಿಜವಾದ ಬದಲಾವಣೆಯನ್ನು ಹಿಡಿದು ತೋರಿಸುವ ಜಾಗವೂ ಕೂಡ್ಲಿಗಿಯ ಮಗ್ಗುಲಲ್ಲೇ ಇದೆ. ಸಂಡೂರಿನ ಬೆಟ್ಟಗಳು. ಎಸ್‌ಆರ್‌ಟಿಎಂ ಅಳೆದದ್ದು 2000ದಲ್ಲಿ, ಕೋಪರ್ನಿಕಸ್‌ಗೆ ಬಳಸಿದ ಅಳತೆ 2011ರಿಂದ ಶುರು. ನಡುವಿನ ದಶಕವೇ ಕಬ್ಬಿಣದ ಅದಿರಿನ ದಶಕ. ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಅಂತಿಮ ವರದಿ ಬಂದದ್ದೂ, ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ತಡೆದದ್ದೂ 2011ರ ಜುಲೈ ತಿಂಗಳಲ್ಲಿ. ಹಾಗಾಗಿ ಈ ಎರಡು ದತ್ತಾಂಶಗಳ ನಡುವೆ ಆ ಹತ್ತು ವರ್ಷದ ಅಗೆತ ಅಡಗಿ ಕೂತಿದೆ. ಅಗೆದ ಗುಂಡಿ ತಗ್ಗಾಗಿ, ಸುರಿದ ತ್ಯಾಜ್ಯದ ರಾಶಿ ಉಬ್ಬಾಗಿ, ಒಂದರ ಪಕ್ಕ ಒಂದು ಬರುತ್ತವೆ. ಹತ್ತಾರು ಮೀಟರಿನ ಅಂಥ ವ್ಯತ್ಯಾಸ ದತ್ತಾಂಶದ ದೋಷಕ್ಕಿಂತ ಬಹಳ ದೊಡ್ಡದು, ಅದರ ಅಂಚೂ ಗಣಿಯ ಅಂಚಿನ ಹಾಗೆ ಚೂಪಾಗಿರುತ್ತದೆ. ಅದನ್ನು ಸಾಕ್ಷಿಯಾಗಿ ಯಾರ ಮುಂದಾದರೂ ಇಡುವ ಮೊದಲು ಸೊನ್ನೆ ಹೊಂದಿಸಿದ್ದೀರಾ, ನಕ್ಷೆಗಳನ್ನು ಸರಿಯಾಗಿ ಕೂರಿಸಿದ್ದೀರಾ ಎಂಬ ಪ್ರಶ್ನೆಗೆ ಉತ್ತರ ಕೈಯಲ್ಲಿರಬೇಕು. ಇಲ್ಲದಿದ್ದರೆ ನಿಜವಾದ ಗುಂಡಿಯೂ ಸುಳ್ಳಾಗುತ್ತದೆ.

ಹಡಗಲಿಯ ಎರೆ ಬಯಲಿಗೆ ಬಂದರೆ ಕಥೆ ತಿರುಗಿ ನಿಲ್ಲುತ್ತದೆ. ಅಲ್ಲಿ ಕಿಲೋಮೀಟರುಗಟ್ಟಲೆ ನಡೆದರೂ ನೆಲ ಒಂದೆರಡು ಆಳೆತ್ತರ ಇಳಿದಿರುವುದಿಲ್ಲ. ಎಸ್‌ಆರ್‌ಟಿಎಂ ಪೂರ್ಣ ಮೀಟರುಗಳಲ್ಲಿ ಮಾತ್ರ ಎತ್ತರ ಬರೆದುಕೊಳ್ಳುತ್ತದೆ. ಹೀಗಾಗಿ ನಿಧಾನವಾಗಿ ಇಳಿಯುವ ಹೊಲ ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೀಳುತ್ತದೆ. ದೋಷದ ಮಿತಿಯಂತೂ ಅದಕ್ಕಿಂತ ದೊಡ್ಡದು. ಎಸ್‌ಆರ್‌ಟಿಎಂ ಯೋಜನೆ ತಾನೇ ಹಾಕಿಕೊಂಡ ಗುರಿ ಹತ್ತರಲ್ಲಿ ಒಂಬತ್ತು ಸಲ 16 ಮೀಟರಿನೊಳಗೆ ಇರಬೇಕು ಎಂಬುದು. ಆಮೇಲೆ ಪರೀಕ್ಷೆ ಮಾಡಿದಾಗ ಅದು 9 ಮೀಟರಿಗೂ ಕಡಿಮೆ ಎಂದು ಗೊತ್ತಾಯಿತು. ಕಾರ್ಟೊಡೆಮ್‌ಗೆ ಇಸ್ರೋ ಹೇಳುವುದು 8 ಮೀಟರ್, ಕೋಪರ್ನಿಕಸ್‌ಗೆ 4 ಮೀಟರಿಗಿಂತ ಕಡಿಮೆ. ಬೆಟ್ಟ ನೋಡುವವರಿಗೆ ಇದು ತುಂಬ ಒಳ್ಳೆಯ ಅಳತೆ. ಹೊಲದ ಬದು ಹಾಕುವವರಿಗೆ, ಕೆರೆಯ ಕೋಡಿಯ ಮಟ್ಟ ಗೊತ್ತು ಮಾಡುವವರಿಗೆ ಅದು ಏನೂ ಅಲ್ಲ. ಕೋಡಿಯನ್ನು ಒಂದು ಅಡಿ ಏರಿಸಿದರೆ ಹಿನ್ನೀರು ಯಾರ ಹೊಲಕ್ಕೆ ನುಗ್ಗುತ್ತದೆ ಎಂಬ ಜಗಳವನ್ನು ನಾಲ್ಕು ಮೀಟರಿನ ದೋಷವಿರುವ ನಕ್ಷೆ ಬಗೆಹರಿಸಲಾರದು. ತೆರೆಯ ಮೇಲೆ 531.4172 ಎಂದು ನಾಲ್ಕು ದಶಮಾಂಶ ಕಂಡರೂ ಅದರಲ್ಲಿ ನಂಬಬಹುದಾದದ್ದು ಐನೂರ ಮೂವತ್ತರ ಆಸುಪಾಸು ಎಂಬುದಷ್ಟೇ.

ಇಂಥ ಕೆಲಸಕ್ಕೆ ಹಳೆಯ ದಾರಿಯೇ ದಾರಿ. ಮೂರು ಕಾಲಿನ ಮೇಲೆ ನಿಂತ ಲೆವೆಲ್ ಯಂತ್ರ, ಎದುರಿಗೆ ಅಂಕಿ ಬರೆದ ಕೋಲು, ಹತ್ತಿರದ ಮಟ್ಟದ ಗುರುತು. ಕಿಲೋಮೀಟರಿಗೆ ಕೆಲವೇ ಮಿಲಿಮೀಟರಿನ ತಪ್ಪಿನಲ್ಲಿ ಅದು ಕೆಲಸ ಮುಗಿಸುತ್ತದೆ. ತೂಬು, ಕೋಡಿ, ಏರಿಗಳನ್ನು ಇಷ್ಟು ಕೆರೆಗಳಿಗೆ ಕಟ್ಟಿದವರು ನಿಂತ ನೀರನ್ನೇ ಮಟ್ಟ ಮಾಡಿಕೊಂಡಿದ್ದರು. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಸೇರುವ ಸಾಲು ಇನ್ನೂ ಹರಪನಹಳ್ಳಿ, ಕೂಡ್ಲಿಗಿಗಳಲ್ಲಿ ಉಳಿದಿರುವುದು ಅವರ ಮಟ್ಟ ಸರಿ ಇದ್ದುದರಿಂದ.

2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ, 2030ರ ಹೊತ್ತಿಗೆ ದೇಶದ ಬಯಲು ಪ್ರದೇಶಕ್ಕೆಲ್ಲ 25 ಸೆಂಟಿಮೀಟರಿನ ಎತ್ತರದ ಮಾದರಿ, ಬೆಟ್ಟ ಪ್ರದೇಶಕ್ಕೆ ಒಂದರಿಂದ ಮೂರು ಮೀಟರಿನದು ತಯಾರಾಗಬೇಕು ಎಂದು ಹೇಳಿದೆ. ಅದು ಬಂದರೆ ಹಡಗಲಿಯ ಎರೆ ಹೊಲಕ್ಕೂ ನಕ್ಷೆಯಲ್ಲಿ ಬೆಲೆ ಬರುತ್ತದೆ. ಬಂದಾಗ ಪ್ರತಿ ಪಂಚಾಯಿತಿಗೂ ಅದು ಸಿಗಬೇಕು, ಯಾವ ಸೊನ್ನೆಯಿಂದ ಅಳೆದದ್ದು ಎಂದು ಕನ್ನಡದಲ್ಲಿ ಮೊದಲ ಸಾಲಿನಲ್ಲೇ ಬರೆದಿರಬೇಕು. ಅಲ್ಲಿಯವರೆಗೆ ಇನ್ನೊಂದು ಸಣ್ಣ ಕೆಲಸವನ್ನಾದರೂ ಮಾಡಬಹುದು. ನೀರು ತುಂಬಿಸುವ ಪ್ರತಿ ಕೆರೆಯ ಕೋಡಿಯ ಮೇಲೆ ಅದರ ಮಟ್ಟವನ್ನು ಮೀಟರಿನಲ್ಲಿ ಕೆತ್ತಿಸುವುದು. ಯೋಜನೆಯ ಕಡತದಲ್ಲಿ ಆ ಅಂಕಿ ಹೇಗೂ ಇರುತ್ತದೆ. ಕಲ್ಲಿನ ಮೇಲೆ ಬಂದರೆ ಎಪ್ಪತ್ನಾಲ್ಕು ಊರಿನ ಮಕ್ಕಳು ತಮ್ಮ ಫೋನನ್ನು, ತಮ್ಮ ನಕ್ಷೆಯನ್ನು ಅದರ ಪಕ್ಕ ಇಟ್ಟು ನೋಡಬಹುದು.

ಕಲ್ಲು ಕೆತ್ತುವವರೆಗೂ ಕಾಯಬೇಕಾಗಿಲ್ಲದ ಒಂದು ಪರೀಕ್ಷೆ ನಮ್ಮ ಸೀಮೆಯಲ್ಲಿ ಆಗಲೇ ಇದೆ. ಮಳೆಗಾಲದ ಕೊನೆಗೆ ಜಲಾಶಯ ತುಂಬಿ, ಒಳಹರಿವು ಇಳಿದು, ನೀರು ಅಲುಗದೆ ನಿಂತ ದಿನ ಪತ್ರಿಕೆಯಲ್ಲಿ ಮಟ್ಟ 1633 ಅಡಿ ಎಂದು ಬರುತ್ತದೆ. ಅಂದು ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ಹಿನ್ನೀರಿನ ಊರುಗಳಲ್ಲಿ ನೀರಿನ ಅಂಚು ಎಲ್ಲೆಲ್ಲಿ ತಾಗಿದೆಯೋ ಅಲ್ಲೆಲ್ಲ ಎತ್ತರ ಸುಮಾರು 497.7 ಮೀಟರ್. ಯಾವ ನಕ್ಷೆಗಾರನೂ ಬರೆಯದ ಸಮೋನ್ನತ ರೇಖೆಯನ್ನು ನೀರೇ ಮೈಲುಗಟ್ಟಲೆ ಬರೆದಿರುತ್ತದೆ. ಒಂದು ಶಾಲೆಯ ಮಕ್ಕಳು ಮೇಷ್ಟರ ಜೊತೆ ಆ ಅಂಚಿನಲ್ಲಿ ನಡೆದು, ಇಪ್ಪತ್ತು ಕಡೆ ನಿಂತು, ಫೋನಿನಲ್ಲಿ ಅಕ್ಷಾಂಶ ರೇಖಾಂಶ ಬರೆದುಕೊಳ್ಳಲಿ. ಮರಳಿ ಬಂದು ತಂತ್ರಾಂಶದಲ್ಲಿ ಆ ಇಪ್ಪತ್ತು ಬಿಂದುಗಳಿಗೆ ಎಸ್‌ಆರ್‌ಟಿಎಂ ಏನು ಹೇಳುತ್ತದೆ, ಕಾರ್ಟೊಡೆಮ್ ಏನು ಹೇಳುತ್ತದೆ, ಕೋಪರ್ನಿಕಸ್ ಏನು ಹೇಳುತ್ತದೆ ಎಂದು ಮೂರು ಸಾಲಿನಲ್ಲಿ ಬರೆಯಲಿ. ಒಂದು ಸಾಲು 420ರ ಸುತ್ತ ಇರುತ್ತದೆ, ಉಳಿದೆರಡು 500ರ ಸುತ್ತ.